ಅಜ್ಜಿಯ ಹೆಸರಿನವಳು

ಅಪ್ಪ ಮತ್ತೆ ಆ ಹೆಸರು ಹಿಡಿದು ಕರೆದರು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಮಗಳು ಚಮಚ ಕೆಳಗಿಟ್ಟು ಹಾಸಿಗೆಯ ಮೇಲೆ ಬಾಗಿದಳು.

"ಇಲ್ಲೇ ಇದ್ದೀನಲ್ಲ ಅಪ್ಪ."

ಅಪ್ಪನ ಕಣ್ಣು ಅವಳ ಮುಖದ ಮೇಲೆ ಒಂದು ಕ್ಷಣ ನಿಂತು, ಅವಳ ಭುಜ ದಾಟಿ, ಬಾಗಿಲ ಕಡೆಗೆ ಹೋಯಿತು.

ಲಕ್ವ ಹೊಡೆದು ಐದು ದಿನವಾಗಿತ್ತು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಉಳಿದದ್ದು ನಾಲ್ಕಕ್ಷರದ ಆ ಹೆಸರೊಂದೇ. ಅವಳದೇ ಹೆಸರು. ಆದರೆ ನಲವತ್ತಾರು ವರ್ಷಗಳಲ್ಲಿ ಅಪ್ಪ ಒಮ್ಮೆಯೂ ಅವಳನ್ನು ಹಾಗೆ ಕರೆದಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಅವಳ ಮದುವೆಯ ದಿನವೂ ಬರೀ 'ಪುಟ್ಟಿ'.

ಅವಳಿಗೂ ಅದೇ ಬೇಕಾಗಿತ್ತು. ಆ ನಾಲ್ಕಕ್ಷರ ಅಪ್ಪನ ತಾಯಿಯದು, ಆಕೆಯ ಕಾಲಕ್ಕೇ ಹಳತಾಗಿದ್ದ ಹೆಸರು. ಶಾಲೆಯಲ್ಲಿ ಹಾಜರಿ ಕರೆಯುವಾಗ ಅದು ಬಂದರೆ ಸಾಕು, ಹಿಂದಿನ ಬೆಂಚಿನವರು ಬೆನ್ನು ಬಗ್ಗಿಸಿ, ಕೆಮ್ಮಿ, ಇಲ್ಲದ ಕೋಲೂರುತ್ತಿದ್ದರು. ಎಂಟು ತುಂಬುವ ಮೊದಲೇ ಅವಳು 'ಅಜ್ಜಿ' ಆಗಿಹೋದಳು. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ಹೆಸರಿನ ಬಾಲ ಕತ್ತರಿಸಿ, ಮೊದಲ ಎರಡಕ್ಷರ ಮಾತ್ರ ಎದೆಯ ಬಿಲ್ಲೆಗೆ ಬರೆಸಿಕೊಂಡಳು. ಗಂಡನಿಗೆ ಪೂರ್ತಿ ಹೆಸರು ತಿಳಿದದ್ದು ಮದುವೆ ನೋಂದಾಯಿಸುವ ಕಚೇರಿಯಲ್ಲಿ. ಪಾಪ, ನಗು ತಡೆಯಲು ಅವನು ಕೆಮ್ಮಿದ್ದ. ಆ ಕೆಮ್ಮು ಅವಳಿಗೆ ಪರಿಚಿತವೇ.

ಈ ವಿಷಯದಲ್ಲಿ ಅವಳ ಪಕ್ಷ ವಹಿಸಿದವರು ಅಪ್ಪ ಒಬ್ಬರೇ. ಹೆಸರಿಟ್ಟವಳು ಅಮ್ಮ. ಅತ್ತೆಯನ್ನು ಕಣ್ಣಾರೆ ಕಾಣದ ಸೊಸೆ, ಗಂಡನಿಗೆ ಸಂತೋಷವಾಗಲಿ ಎಂದು ಆರಿಸಿದ್ದಳು. ಅಪ್ಪ ಸುತರಾಂ ಒಪ್ಪಲಿಲ್ಲವಂತೆ. ಬೇರೆ ಯಾವ ಹೆಸರಾದರೂ ಇಡು, ಅದೊಂದು ಬೇಡ ಎಂದು ಎರಡು ದಿನ ಊಟ ಬಿಟ್ಟರಂತೆ. ಹೆತ್ತ ತಾಯಿಯ ಹೆಸರನ್ನೇ ಬೇಡ ಅನ್ನುವ ಮಗನನ್ನು ಎಲ್ಲೂ ನೋಡಿಲ್ಲ ಎಂದು ಅಮ್ಮ ಸಾಯುವವರೆಗೂ ಹೇಳಿ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಅವರು ಲಿಫ್ಟ್ ಮೆಕ್ಯಾನಿಕ್. ವಾರದಲ್ಲಿ ಮೂರು ದಿನ ಪಕ್ಕದ ಊರಿನ ಕಟ್ಟಡಗಳ ಲಿಫ್ಟ್ ನೋಡಿಕೊಳ್ಳಬೇಕಿತ್ತು. ಹೆಸರಿನ ಮಾತು ಬಂದಾಗಲೆಲ್ಲ ಎದ್ದು ಸಲಕರಣೆಯ ಚೀಲ ಜೋಡಿಸತೊಡಗುತ್ತಿದ್ದರು.

ಅಂಥವರು ಈಗ ಅದೇ ಹೆಸರನ್ನು ಜಪಿಸುತ್ತಿದ್ದರು. ತನ್ನ ಹೆಸರು ಅಜ್ಜಿಯದೂ ಹೌದೆಂದು ಮಗಳು ನರ್ಸ್‌ಗೆ ಹೇಳಿದಳು.

"ತಾಯೀನ ಕರೀತಿದ್ದಾರೆ," ಎಂದಳು ನರ್ಸ್, ಗ್ಲೂಕೋಸ್ ಬಾಟಲಿ ಬದಲಾಯಿಸುತ್ತ. "ಈ ಸ್ಥಿತೀಲಿ ಎಲ್ಲರೂ ಹಾಗೇನೇ. ಎಂಬತ್ತಾದರೂ ತಾಯೀನೇ ಬೇಕು."

ಇದ್ದರೂ ಇರಬಹುದು ಅನ್ನಿಸಿತು ಮಗಳಿಗೆ. ಮನೆಯ ಗೋಡೆಯಿಂದ ಅಜ್ಜಿಯ ಫೋಟೋ ಇಳಿಸಿ, ಧೂಳು ಒರೆಸಿ ತಂದಳು. ಅಪ್ಪನ ಎದೆಯ ಮೇಲಿಟ್ಟು ಎಡಗೈಯನ್ನು ಅದಕ್ಕೆ ತಾಗಿಸಿದಳು. ಅವರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಇದಲ್ಲ, ಎಂಬಂತೆ.

ಹಾಗಾದರೆ ನಾನೇ, ಅಂದುಕೊಂಡಳು. ಇಷ್ಟು ವರ್ಷ ಅಪ್ಪ ತನಗಾಗಿ ಆ ಹೆಸರನ್ನು ನುಂಗಿಕೊಂಡಿದ್ದರೇನೋ. ಮಗಳಿಗೆ ಅದು ಬೇಡವೆಂದು ತಿಳಿದು, ಹೆತ್ತವಳ ಹೆಸರನ್ನೇ ಬಾಯಿಗೆ ತಂದುಕೊಳ್ಳದೆ ಬದುಕಿದ್ದರೇನೋ. ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ, ನಾಲ್ಕೂ ಅಕ್ಷರಗಳನ್ನು ಬಿಡಿಸಿ, ನಾನೇ ಅವಳು ಎಂದಳು. ಜೀವಮಾನದಲ್ಲಿ ಮೊದಲ ಸಲ ತನ್ನ ಪೂರ್ತಿ ಹೆಸರನ್ನು ನಾಚಿಕೆಯಿಲ್ಲದೆ ಹೇಳಿದ್ದಳು. ಹೆಸರು ಚೆನ್ನಾಗೇ ಇದೆ ಅಪ್ಪ, ನನಗೇನೂ ಬೇಜಾರಿಲ್ಲ, ಅಂದಳು.

ಅಪ್ಪನ ಕಣ್ಣಂಚಿನಿಂದ ನೀರಿಳಿಯಿತು. ತಲೆಯನ್ನು ಅಡ್ಡಡ್ಡ ಆಡಿಸಿದರು. ಬಹಳ ಹೊತ್ತು ತುಟಿ ಹೊರಳಿಸಿ ಹೊಸ ಮಾತೊಂದನ್ನು ಹೊರಗೆಳೆದರು.

"ಪುಟ್ಟಿ… ಕರಿ."

"ಯಾರನ್ನ ಅಪ್ಪ? ಯಾರನ್ನ ಕರೀಲಿ?"

ಅದೇ ಹೆಸರು.

ಅವಳು ಏನು ಮಾಡಿದರೂ ತಪ್ಪಾಗುತ್ತಿತ್ತು. ನೀರು ಕುಡಿಸಿದಳು, ದಿಂಬು ಎತ್ತರಿಸಿದಳು, ಪಾದ ತಿಕ್ಕಿದಳು. ಎಡಗೈ ಮಾತ್ರ ಹೊದಿಕೆಯ ಮೇಲೆ ಏನನ್ನೋ ಹುಡುಕುತ್ತಲೇ ಇತ್ತು. ಮಧ್ಯಾಹ್ನ ಡಾಕ್ಟರ್ ಬಂದು, ನಾಡಿ ನೋಡಿ, ಅವಳನ್ನು ಕಾರಿಡಾರಿಗೆ ಕರೆದು, ಇನ್ನು ಹೆಚ್ಚು ಹೊತ್ತಿಲ್ಲ ಎಂದರು. ಹೇಳಿ ಕಳಿಸಬೇಕಾದವರು ಯಾರಾದರೂ ಇದ್ದಾರೆಯೇ ಎಂದೂ ಕೇಳಿದರು.

"ಯಾರೂ ಇಲ್ಲ ಸರ್. ನಾನೊಬ್ಬಳೇ ಮಗಳು."

ನಾಲ್ಕು ಗಂಟೆಗೆ ನೋಡುವವರನ್ನು ಒಳಬಿಡುವ ಹೊತ್ತಾಯಿತು. ಪಕ್ಕದ ಹಾಸಿಗೆಗಳ ಸುತ್ತ ನೆಂಟರು ತುಂಬಿಕೊಂಡರು. ಅವಳು ಒದ್ದೆ ಬಟ್ಟೆಯಿಂದ ಅಪ್ಪನ ತುಟಿ ಒರೆಸುತ್ತಿದ್ದಾಗ ಬಾಗಿಲಲ್ಲಿ ನರ್ಸ್ ಯಾರನ್ನೋ ತಡೆದದ್ದು ಕೇಳಿಸಿತು. ರೋಗಿಗೆ ಏನಾಗಬೇಕು, ಹೆಸರೇನು, ಪುಸ್ತಕದಲ್ಲಿ ಬರೆಯಬೇಕು. ಒಬ್ಬ ಹೆಂಗಸು ಏದುಸಿರಿನಲ್ಲಿ ಉತ್ತರ ಕೊಟ್ಟಳು.

ಅಪ್ಪನ ಎಡಗೈ ಹುಡುಕುವುದನ್ನು ನಿಲ್ಲಿಸಿತು.

ನರ್ಸ್ ಪುಸ್ತಕದಿಂದ ತಲೆಯೆತ್ತಿದಳು. "ಆ ಹೆಸರಿನ ಮಗಳು ಐದು ದಿನದಿಂದ ಇಲ್ಲೇ ಇದ್ದಾರಲ್ಲಮ್ಮ."

ಐವತ್ತು ದಾಟಿದ ಹೆಂಗಸು. ಹುಬ್ಬು ಥೇಟ್ ಅಪ್ಪನದೇ. ಫೋನ್ ತೆಗೆಯುತ್ತಿಲ್ಲವೆಂದು ಪಕ್ಕದ ಊರಿನಿಂದ ಬಂದು, ಒಂದೊಂದೇ ಆಸ್ಪತ್ರೆ ಹುಡುಕುತ್ತ ಇಲ್ಲಿಗೆ ತಲುಪಿದ್ದಳಂತೆ. ಹಾಸಿಗೆಯ ಬಳಿ ನಿಂತಿದ್ದವಳನ್ನು ಆಕೆ ಬಹಳ ಹೊತ್ತು ನೋಡಿದಳು.

"ನಾನು ದೊಡ್ಡವಳು," ಎಂದಳು ಮೆಲ್ಲಗೆ. "ನನಗೆ ಈ ಹೆಸರು ಅಪ್ಪನೇ ಇಟ್ಟಿದ್ದು."