ಏಳೂ ನಾಯಕರ ಒಪ್ಪಿಗೆ

ಆ ದಿನ ಬೆಳಿಗ್ಗೆ ಮಂಜು ಬೇಗ ಕರಗಿ, ದೇವರು ಆಗತಾನೇ ತೊಳೆದಿಟ್ಟಂಥ ಎಳೆಬಿಸಿಲು ಬಿದ್ದಿತ್ತು. ಒಬ್ಬರಿಗೆ ಕುತ್ತು ಬಂದರೆ ಏಳು ಜನರೂ ನಿಲ್ಲುತ್ತೇವೆಂದು ಆಣೆಯಿಟ್ಟು ಏಳು ಪಾಳೆಯಪಟ್ಟುಗಳು ಕಟ್ಟಿಕೊಂಡ ಕೂಟ ಅದು. ಅದರ ಚಾವಡಿಗೆ, ಎಲ್ಲಕ್ಕಿಂತ ಚಿಕ್ಕದಾದ ಕಿರುಕೋಟೆಯ ದೂತ ಓಬಳಯ್ಯ ಏದುಸಿರು ಬಿಡುತ್ತ ಬಂದ. ಕೂಟದ ಕರಣಿಕರು ಪೂಜೆ ಮುಗಿಸಿ ಕುಳಿತಿದ್ದರು.

"ಸ್ವಾಮಿ, ನಮ್ಮ ಕೋಟೆಗೆ ಮುತ್ತಿಗೆ ಬಿದ್ದು ಎಂಟು ದಿನ ಆಯ್ತು. ಕೂಟದ ದಂಡಿಗೆ ಅಂತ ನಾವು ಕೊಟ್ಟಿದ್ದ ಮುನ್ನೂರು ಆಳನ್ನ ಹಿಂದಕ್ಕೆ ಕೊಡಿ ಅಂತ ಅವತ್ತೇ ಓಲೆ ಕಳಿಸಿದ್ವಲ್ಲ!"

"ಕೊಡೋಣ, ಕೂತ್ಕೋ. ನಿಮ್ಮ ಆಳು ನಿಮಗಲ್ದೆ ಇನ್ಯಾರಿಗೆ? ಆದ್ರೆ ಏಳೂ ನಾಯಕರು ಒಪ್ಪಬೇಕಲ್ಲಪ್ಪ, ಕಟ್ಟಳೆ ಇದೆ. ಆರು ಜನ ಒಪ್ಪಿದ್ದಾರೆ. ದೊಡ್ಡಕೋಟೆ ನಾಯಕರದೊಂದು ಬರಬೇಕು."

"ಮುತ್ತಿಗೆ ಹಾಕಿರೋನೇ ಅವನು!"

"ಅದಕ್ಕೇ ತಡ. ಪಾಪ, ಅಷ್ಟು ದೊಡ್ಡ ಕೆಲಸ ಹಚ್ಚಿಕೊಂಡವರಿಗೆ ಓಲೆ ಓದೋಕೆ ಪುರುಸೊತ್ತು ಬೇಡ್ವೇನಯ್ಯ?"

"ಅವನು ಒಪ್ಪೋದುಂಟಾ ಸ್ವಾಮಿ?"

"ಒಪ್ತಾರೆ. ಕೂಟದ ಮೇಲೆ ನಂಬಿಕೆ ಇಡು. ತಡ ಆಗಬಹುದು, ಇಲ್ಲ ಅಂತ ಮಾತ್ರ ಆಗಲ್ಲ."

ಕರಣಿಕರ ಮಾತು ಸುಳ್ಳಾಗಲಿಲ್ಲ. ನಾಲ್ಕನೆಯ ದಿನ ಏಳನೆಯ ಒಪ್ಪಿಗೆಯೂ ಬಂತು. ಅವರು ದೇವರಿಗೆ ಕೈಮುಗಿದು, ಕಿರುಕೋಟೆಗೆ ಸಲ್ಲಬೇಕಾದ ಮುನ್ನೂರು ಆಳುಗಳನ್ನು ತಾವೇ ನಡೆಸಿಕೊಂಡು ಹೋದರು. ಅಲ್ಲಿ ಕಿರುಕೋಟೆಯ ಗದ್ದುಗೆಯ ಮೇಲೆ ಕುಳಿತಿದ್ದ ದೊಡ್ಡಕೋಟೆ ನಾಯಕರಿಗೆ, ಒಬ್ಬನೂ ಕಡಿಮೆಯಾಗದಂತೆ, ಸದ್ದಿಲ್ಲದೆ ಒಪ್ಪಿಸಿ ಬಂದರು.