ಅಳಬಾರದ ಹೆಣ

ಗ್ರೀಕರ ಆ ಪಟ್ಟಣದಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಎದೆ ಬಡಿದುಕೊಂಡು ಹಾಡಿ ಅಳಲು ಕೂಲಿಗೆ ಅಳುವ ಆ ಮುದುಕಿಯೇ ಬೇಕು. ಆದರೆ ಅವಳ ಮಗನೇ ದಂಗೆಯೆದ್ದು ಸತ್ತಾಗ ದೊರೆ ಸಾರಿಸಿಬಿಟ್ಟ: “ದ್ರೋಹಿಗಾಗಿ ಅಳುವವರೂ, ಅವನ ಮೇಲೆ ಮಣ್ಣು ಹಾಕುವವರೂ ದ್ರೋಹಿಗಳೇ. ಯಾರೇ ಆಗಲಿ, ಕಂಡಲ್ಲೇ ಕಲ್ಲೆಸೆದು ಕೊಲ್ಲಿ.”

ಬಯಲಲ್ಲಿ ಬಿದ್ದಿದ್ದ ಆ ಹೆಣಕ್ಕೆ ಹಿಡಿ ಮಣ್ಣು ಹಾಕಲು ಹೋದವನು ಸತ್ತವನ ಗೆಳೆಯ, ದೊರೆಯ ಒಬ್ಬನೇ ಮಗ. ಕಾವಲುಗಾರರು ಆಜ್ಞೆ ಪಾಲಿಸಿದರು.

ಈಗ ದೊರೆಯ ಮಗನ ಹೆಣದ ಮುಂದೆ ಅಳಲು ಅವಳನ್ನು ಅರಮನೆಯ ಅಂಗಳಕ್ಕೆ ಎಳೆದು ತಂದಿದ್ದರು.

“ಅಳು, ಮುದುಕಿ! ಕೂಲಿಗೆ ಅಳುವವಳಿಗೆ ಇಷ್ಟೊಂದು ಬಿಂಕವೇ?”

ಅವಳು ದೊರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ದ್ರೋಹಿಗಾಗಿಯೇ? ನೀನು ಉಗುಳಿದ್ದನ್ನು ನಾನು ನೆಕ್ಕಬೇಕೇ?”

“ಇವನು ನನ್ನ ಮಗ ಕಣೇ!”

“ಬಯಲಲ್ಲಿ ನಾಯಿಗಳು ಎಳೆದಾಡುತ್ತಿರುವವನು ನನ್ನ ಮಗ. ನಾನು ಅತ್ತೆನೇ?”

“ಥೂ, ನೀನೂ ಒಬ್ಬ ತಾಯಿಯೇ?”

“ನಿನ್ನ ಪ್ರಜೆ. ಅಷ್ಟು ಸಂಕಟವಿದ್ದರೆ ನೀನೇ ಅಳು.”

ದೊರೆಗೆ ತಡೆಯಲಾಗಲಿಲ್ಲ. ಮಗನ ಎದೆಯ ಮೇಲೆ ಬಿದ್ದು ಗೋಳೋ ಎಂದು ಅತ್ತುಬಿಟ್ಟ.

ಕಾವಲುಗಾರರು ಕಲ್ಲಿಗಾಗಿ ಬಗ್ಗಿದರು.