ತುಂಬಿಸಿದ ಅಂಕಿ

ಒಟ್ಟಿಗೆ ಕೂತು ಉಂಡ ಮೇಲೆ ಅಣ್ಣ, ಅತ್ತಿಗೆ, ತಾಯಿ ಮೂವರೂ ತೀರಿಕೊಂಡರು. ತಮ್ಮನೊಬ್ಬ ಉಳಿದ. ನಾಲ್ವರ ರಕ್ತವೂ ವಾರಿಜಾಳ ಪ್ರಯೋಗಾಲಯಕ್ಕೆ ಬಂತು. ಸತ್ತ ಮೂವರದರಲ್ಲಿ ವಿಷದ ಗೆರೆ ಯಂತ್ರದ ಪರದೆಯ ಮೇಲೆ ಎದ್ದು ನಿಂತಿತ್ತು. ತಮ್ಮನದರಲ್ಲಿ ಏನೂ ಇರಲಿಲ್ಲ.

"ಸರ್, ಈ ಜಾಗ ಖಾಲಿ ಬಿಡ್ಲಾ?" ವರದಿಯಲ್ಲಿ ತಮ್ಮನ ಹೆಸರಿನ ಮುಂದೆ ಬೆರಳಿಟ್ಟು ವಾರಿಜಾ ಮೇಲಧಿಕಾರಿಯನ್ನು ಕೇಳಿದಳು.

"ಖಾಲಿ ಬಿಟ್ರೆ ಹೋಲಿಸೋಕಾಗಲ್ಲಮ್ಮ. ಸ್ವಲ್ಪ ಇದ್ರೆ ಯಂತ್ರಕ್ಕೆ ಕಾಣಲ್ಲ, ಅಷ್ಟೆ. ಸತ್ತ ಮೂವರಲ್ಲಿ ಯಾರದು ಕಡಿಮೆಯೋ ಅದರ ಅರ್ಧ ಹಾಕು. ಯಾವಾಗ್ಲೂ ಹಾಕೋದು ಹಾಗೇ ಅಲ್ವಾ."

ಮನಸ್ಸು ಒಪ್ಪದಿದ್ದರೂ ವಾರಿಜಾ ಹಾಕಿದಳು.

ವಾರ ಕಳೆದು ಇನ್‌ಸ್ಪೆಕ್ಟರ್ ಫೋನ್ ಮಾಡಿದರು. "ಆ ತಮ್ಮನೂ ವಿಷ ತಿಂದಿದ್ದ ಅಂತ ನಿಮ್ಮ ರಿಪೋರ್ಟಿಂದ ಗೊತ್ತಾಯ್ತು ಮೇಡಂ. ಸುಮ್ನೆ ಅನುಮಾನ ಪಟ್ಟಿದ್ವಿ."

"ಈಗ ಎಲ್ಲಿದ್ದಾನೆ ಸರ್?"

"ಮನೇಲಿ. ಹಾಸ್ಟೆಲಲ್ಲಿದ್ದ ಅಣ್ಣನ ಮಗಳನ್ನ ಇವತ್ತು ಅವನ ಕೈಗೇ ಒಪ್ಪಿಸಿ ಬಂದ್ವಿ."